ಗಾಳಿಗೆ ಎದೆಯೊಡ್ಡಿದವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ. ಟೂರ್ ಡಿ ಫ್ರಾನ್ಸ್ ಸೈಕಲ್ ಓಟ ಮುಗಿದ ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುವುದು ಒಬ್ಬನೇ ಒಬ್ಬನ ಹೆಸರು, ಹಳದಿ ಅಂಗಿ ತೊಟ್ಟು ಕೈಯೆತ್ತಿದ ಒಬ್ಬನೇ ಒಬ್ಬನ ಚಿತ್ರ. ಅದನ್ನು ನೋಡಿದವರು ನನ್ನನ್ನು ಕೇಳುವ ಪ್ರಶ್ನೆಯೂ ಒಂದೇ. ಗೆಲ್ಲುವವನು ಒಬ್ಬನಾದ ಮೇಲೆ ತಂಡ ಏತಕ್ಕೆ? ಎಲ್ಲರಿಗಿಂತ ಜೋರಾಗಿ ತುಳಿದವನು ಗೆದ್ದ, ಅಷ್ಟೇ ತಾನೇ? ಅಷ್ಟೇ ಅಲ್ಲ, ಸ್ವಾಮಿ. ಈ ಪ್ರಶ್ನೆಗೆ ಇದುವರೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಇಂದು ಬಾನುಲಿಯವರು ಕರೆದು ಕೂರಿಸಿ ಮೈಕು ಮುಂದಿಟ್ಟಿರುವುದರಿಂದ, ಎಲ್ಲರಿಗೂ ಒಟ್ಟಿಗೇ ಹೇಳಿ ಮುಗಿಸಿಬಿಡೋಣವೆಂದು ಬಂದಿದ್ದೇನೆ.

ಉತ್ತರ ಗಾಳಿಯಲ್ಲಿದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುವ ಸವಾರನು ತನ್ನ ಶಕ್ತಿಯ ಬಹುಪಾಲನ್ನು ಗಾಳಿಯನ್ನು ಸೀಳುವುದಕ್ಕೇ ಸುರಿಯುತ್ತಾನೆ. ಅವನ ಹಿಂದಿನ ಚಕ್ರಕ್ಕೆ ಗೇಣು ದೂರದಲ್ಲಿ ತನ್ನ ಮುಂದಿನ ಚಕ್ರವನ್ನು ಇಟ್ಟುಕೊಂಡು ಬರುವವನು ಅದೇ ವೇಗದಲ್ಲಿ ಸಾಗುತ್ತಿದ್ದರೂ ಅವನಿಗೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಟೂರ್ ಎಂದರೆ ಮೂರು ವಾರ, ದಿನಕ್ಕೊಂದರಂತೆ 21 ಹಂತಗಳು, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರುಗಳ ಹಾದಿ. ಅಲ್ಲಿಯವರೆಗಿನ ಹಂತಗಳ ಒಟ್ಟು ಸಮಯ ಯಾರದು ಎಲ್ಲರಿಗಿಂತ ಕಡಿಮೆಯೋ ಅವನ ಮೈಮೇಲೆ ಹಳದಿ ಅಂಗಿ. ದಿನಕ್ಕೆ ನಾಲ್ಕೈದು ಗಂಟೆಯಂತೆ ಅಷ್ಟು ದಿನವೂ ಮೂರನೇ ಒಂದು ಪಾಲನ್ನು ಉಳಿಸಿಕೊಂಡವನಿಗೂ ಉಳಿಸಿಕೊಳ್ಳದವನಿಗೂ ಕೊನೆಯ ಬೆಟ್ಟದ ಬುಡದಲ್ಲಿ ಎಷ್ಟು ಅಂತರವಿರಬಹುದೆಂದು ನೀವೇ ಊಹಿಸಿಕೊಳ್ಳಿ. ಆದ್ದರಿಂದಲೇ ಎಂಟು ಮಂದಿಯ ತಂಡದಲ್ಲಿ ಒಬ್ಬ ನಾಯಕನಿರುತ್ತಾನೆ. ಉಳಿದ ಏಳು ಮಂದಿ ಅವನ ಪಾಲಿನ ಗಾಳಿಗೆ ತಮ್ಮ ಎದೆಯೊಡ್ಡುತ್ತಾರೆ. ಅವರೇ ಹಿಂದಕ್ಕೆ ಸರಿದು, ತಂಡದ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯ ಬೆನ್ನಿಗೆ ತುರುಕಿಕೊಂಡು, ಮತ್ತೆ ತುಳಿದು ಮುಂದೆ ಬಂದು ಹಂಚುತ್ತಾರೆ. ನಾಯಕನ ಚಕ್ರ ಕೆಟ್ಟರೆ ತಮ್ಮ ಚಕ್ರವನ್ನು ಬಿಚ್ಚಿ ಕೊಡುತ್ತಾರೆ. ಫ್ರೆಂಚರು ಇವರಿಗೆ ಇಟ್ಟ ಹೆಸರು ಡೊಮೆಸ್ಟಿಕ್, ಅಂದರೆ ಮನೆಯಾಳು. ನನಗೆ ಆ ಹೆಸರು ಎಂದೂ ಹಿಡಿಸಿಲ್ಲ, ಆದರೆ ಹೆಸರಿಟ್ಟವರು ಹೇಳಬೇಕಾದುದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆಂದು ಒಪ್ಪುತ್ತೇನೆ.

ಹೀಗೆ ಬೇರೊಬ್ಬನ ಪಾಲಿನ ಗಾಳಿಗೆ ಎದೆಯೊಡ್ಡಿದಾಗ ಇಬ್ಬರ ನಡುವೆ ಒಂದು ಋಣ ಹುಟ್ಟುತ್ತದೆ. ದಯವಿಟ್ಟು ಈ ಮಾತನ್ನು ಗಮನಿಸಬೇಕು, ಏಕೆಂದರೆ ನಾನು ಇಂದು ಹೇಳಬೇಕೆಂದಿರುವುದು ಇದೊಂದನ್ನೇ. ಸೈಕಲ್ ಓಟದ ನಿಷ್ಠೆ ಎಂದರೆ ಋಣ. ಅದರಲ್ಲಿ ಸ್ವಲ್ಪ ಭಾಗ ಹಣದಲ್ಲಿಯೇ ತೀರುತ್ತದೆ: ಇಂದು ಟೂರ್ ಗೆದ್ದವನಿಗೆ ಸಿಗುವ 5 ಲಕ್ಷ ಯೂರೊ ಬಹುಮಾನ ಅವನ ಜೇಬಿಗೆ ಹೋಗದೆ ತಂಡದವರಲ್ಲಿ ಹಂಚಿಹೋಗುವುದು ರೂಢಿ. ಉಳಿದ ಭಾಗ ರಸ್ತೆಯ ಮೇಲೆಯೇ ತೀರಬೇಕು. ಬೆಟ್ಟ ಕಡಿದಾದಂತೆ ವೇಗ ತಗ್ಗುತ್ತದೆ, ಗಾಳಿಯ ಮಾತು ಹಿಂದೆ ಸರಿಯುತ್ತದೆ, ಅಲ್ಲಿ ನಾಯಕನಿಗಿಂತ ಸೇವಕನೇ ಗಟ್ಟಿಗನೆಂಬುದು ಎಲ್ಲರ ಕಣ್ಣಿಗೂ ಬೀಳುವ ಸಂಭವವಿರುತ್ತದೆ. ಜಗಳ ಹುಟ್ಟುವುದು ಅಲ್ಲಿ.

1934ರಲ್ಲಿ ರೆನೆ ವಿಯೆಟ್ಟೊ ಎಂಬ ಇಪ್ಪತ್ತು ವರ್ಷದ ಹುಡುಗ ಪಿರನೀಸ್ ಬೆಟ್ಟಗಳ ಇಳಿಜಾರಿನಲ್ಲಿ ತನ್ನ ಮುಂದಿನ ಚಕ್ರವನ್ನು ನಾಯಕ ಆಂತೊನಾನ್ ಮಾನ್ಯ್ ಅವರಿಗೆ ಬಿಚ್ಚಿ ಕೊಟ್ಟು, ರಸ್ತೆಬದಿಯ ಕಲ್ಲುಗೋಡೆಯ ಮೇಲೆ ಅಳುತ್ತಾ ಕುಳಿತರು. ಮರುದಿನ ಮಾನ್ಯ್ ಅವರಿಗೆ ಮತ್ತೆ ತೊಂದರೆಯಾದಾಗ, ಮುಂದೆ ಹೋಗಿದ್ದ ವಿಯೆಟ್ಟೊ ಬಂದ ದಾರಿಯಲ್ಲೇ ಹಿಂದಿರುಗಿ ಸೈಕಲನ್ನೇ ಕೊಟ್ಟರು. ಮಾನ್ಯ್ ಆ ವರ್ಷದ ಟೂರ್ ಗೆದ್ದರು. ವಿಯೆಟ್ಟೊ ಐದನೆಯವರಾದರು, ಮುಂದೆಂದೂ ಟೂರ್ ಗೆಲ್ಲಲಿಲ್ಲ. ಇದನ್ನು ತ್ಯಾಗದ ಕಥೆಯೆಂದು ಕೊಂಡಾಡುವವರು ಬಹಳ ಮಂದಿ. ನನಗೆ ಮಾತ್ರ ಅದು ತೀರದೆ ಉಳಿದ ಸಾಲದ ಕಥೆಯಾಗಿಯೇ ಕಾಣುತ್ತದೆ.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಪ್ರಸಂಗಕ್ಕೆ ಬರುತ್ತೇನೆ. 1985. ಲಾ ವೀ ಕ್ಲೇರ್ ಎಂಬ ಫ್ರೆಂಚ್ ತಂಡದಲ್ಲಿ ಒಂದೇ ಒರೆಯೊಳಗೆ ಎರಡು ಕತ್ತಿಗಳಿದ್ದವು. ಒಬ್ಬರು ಬರ್ನಾರ್ ಇನೊ, ಆಗಲೇ ನಾಲ್ಕು ಬಾರಿ ಟೂರ್ ಗೆದ್ದವರು, ಮಾತಿನಲ್ಲಿಯೂ ಮುಖದಲ್ಲಿಯೂ ಎದುರಾಳಿಯನ್ನು ಹೆದರಿಸಬಲ್ಲವರು. ಇನ್ನೊಬ್ಬರು ಗ್ರೆಗ್ ಲೆಮಾಂಡ್, ಅಮೆರಿಕದಿಂದ ಬಂದ 24ರ ಹರೆಯದ ಸವಾರ. ಆ ವರ್ಷ ಹಳದಿ ಅಂಗಿ ಇನೊ ಅವರ ಮೈಮೇಲಿತ್ತು. ಆದರೆ ಸೇಂಟ್ ಎತಿಯೆನ್ ಊರಿನಲ್ಲಿ ಗುರಿ ಹತ್ತಿರವಿದ್ದಾಗಲೇ ಅವರು ಬಿದ್ದು ಮೂಗು ಮುರಿದುಕೊಂಡರು. ಉಸಿರಾಡುವುದೇ ಕಷ್ಟವಾಗಿದ್ದ ಸ್ಥಿತಿಯಲ್ಲಿ ಪಿರನೀಸ್ ಬೆಟ್ಟಗಳು ಎದುರಾದವು.

ಲ್ಯೂಜ್ ಆರ್ದಿದೆನ್ ಬೆಟ್ಟವನ್ನು ಹತ್ತುವ ದಿನ ಇನೊ ಹಿಂದೆ ಬಿದ್ದರು. ಲೆಮಾಂಡ್ ಮುಂದಿದ್ದರು, ಅವರ ಜೊತೆಗೆ ಐರ್ಲೆಂಡಿನ ಸ್ಟೀಫನ್ ರೋಚ್ ಇದ್ದರು. ಇಬ್ಬರೂ ಸರದಿಯಂತೆ ಮುಂದಾಳಾಗಿ ತುಳಿದಿದ್ದರೆ ಹಳದಿ ಅಂಗಿ ಅಂದೇ ಲೆಮಾಂಡ್ ಕೈಸೇರುವ ಸಾಧ್ಯತೆಯಿತ್ತು. ತಂಡದ ಕಾರು ಪಕ್ಕಕ್ಕೆ ಬಂತು. ರೋಚ್ ಜೊತೆ ಸೇರಿ ತುಳಿಯಬೇಡ, ಇನೊ ಹೆಚ್ಚು ದೂರದಲ್ಲಿಲ್ಲ ಎಂಬ ಆದೇಶ ಬಂತು. ಲೆಮಾಂಡ್ ನಂಬಿದರು, ಕಾದರು. ಆದರೆ ಲೆಮಾಂಡ್‌ಗೆ ಹೇಳಿದ್ದಕ್ಕಿಂತ ಇನೊ ಬಹಳ ದೂರದಲ್ಲಿದ್ದರು. ಹಂತ ಮುಗಿದ ಮೇಲೆ ಲೆಕ್ಕ ತಿಳಿದಾಗ ಲೆಮಾಂಡ್ ಕಣ್ಣಲ್ಲಿ ನೀರಿತ್ತು. ಪ್ಯಾರಿಸ್ ತಲುಪಿದಾಗ ಇನೊ ಗೆದ್ದಿದ್ದರು, ಲೆಮಾಂಡ್ ಎರಡನೆಯವರು, ನಡುವಿನ ಅಂತರ 1 ನಿಮಿಷ 42 ಸೆಕೆಂಡ್. ಅದು ಇನೊ ಅವರ ಐದನೆಯ ಟೂರ್. ಹಿಂದೆ ತಲಾ ಐದು ಬಾರಿ ಗೆದ್ದಿದ್ದ ಆಂಕೆತಿಲ್ ಮತ್ತು ಮೆರ್ಕ್ಸ್ ಅವರ ದಾಖಲೆಗೆ ಸಮನಾದ ಗೆಲುವು. ಬರುವ ವರ್ಷ ನಿನ್ನ ಗೆಲುವಿಗಾಗಿ ನಾನು ದುಡಿಯುತ್ತೇನೆಂದು ಇನೊ ಎಲ್ಲರೆದುರಿಗೇ ಮಾತು ಕೊಟ್ಟರು.

ಈಗ 1986ಕ್ಕೆ ಬನ್ನಿ. ಆರನೆಯದನ್ನು ಗೆದ್ದರೆ ಇನೊ ಚರಿತ್ರೆಯಲ್ಲಿ ಒಬ್ಬರೇ ನಿಲ್ಲುತ್ತಾರೆ. ಕೊಟ್ಟ ಮಾತು ಒಂದು ಕಡೆ, ದಾಖಲೆ ಇನ್ನೊಂದು ಕಡೆ. ಪೋ ಊರಿಗೆ ಹೋಗುವ 12ನೆಯ ಹಂತದಲ್ಲಿ ಇನೊ ಗುಂಪಿನಿಂದ ಸಿಡಿದು ಸ್ಪೇನಿನ ಪೆದ್ರೊ ದೆಲ್ಗಾದೊ ಜೊತೆ ಮುಂದೆ ಹೋಗಿಬಿಟ್ಟರು. ಹಂತ ದೆಲ್ಗಾದೊ ಪಾಲಾಯಿತು, ಹಳದಿ ಅಂಗಿ ಇನೊ ಪಾಲಾಯಿತು, ಒಟ್ಟು ಸಮಯದಲ್ಲಿ ಲೆಮಾಂಡ್ ಅವರಿಗಿಂತ 5 ನಿಮಿಷ 25 ಸೆಕೆಂಡ್ ಹಿಂದೆ ಬಿದ್ದರು. ಲೆಮಾಂಡ್ ಯಾಕೆ ಬೆನ್ನಟ್ಟಲಿಲ್ಲ ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಬೆನ್ನಟ್ಟುವ ಹಾಗಿರಲಿಲ್ಲ! ಸ್ವಂತ ತಂಡದವನು ಮುಂದೆ ಹೋದಾಗ ಅವನನ್ನು ಹಿಡಿಯಲು ತುಳಿದರೆ, ನಿಮ್ಮ ಬೆನ್ನಿಗೆ ಅಂಟಿಕೊಂಡು ಎದುರಾಳಿಗಳೂ ಪುಕ್ಕಟೆಯಾಗಿ ಬರುತ್ತಾರೆ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಈ ವೃತ್ತಿಯಲ್ಲಿ ಅದೇ. ಹಾಗಾಗಿ ಲೆಮಾಂಡ್ ಕೈಕಟ್ಟಿ ಕೂರಬೇಕಾಯಿತು. ಇದನ್ನು ಇನೊಗಿಂತ ಚೆನ್ನಾಗಿ ಬಲ್ಲವರು ಅಂದು ಆ ರಸ್ತೆಯ ಮೇಲೆ ಯಾರೂ ಇರಲಿಲ್ಲ.

ಮರುದಿನ ಐದು ನಿಮಿಷಗಳ ಮುನ್ನಡೆ ಇರುವ ಯಾರೇ ಆದರೂ ಗುಂಪಿನ ಮಧ್ಯೆ ತಣ್ಣಗೆ ಕೂರುತ್ತಿದ್ದರು. ಇನೊ ಕೂರಲಿಲ್ಲ. ತೂರ್ಮಾಲೆಯ ಇಳಿಜಾರಿನಲ್ಲಿ ಮತ್ತೆ ಒಬ್ಬರೇ ಸಿಡಿದು ಹೋದರು. ಮುಂದೆ ಇನ್ನೂ ಬೆಟ್ಟಗಳಿದ್ದವು, ಗಾಳಿಗೆ ಎದೆಯೊಡ್ಡಲು ಅವರ ಮುಂದೆ ಯಾರೂ ಇರಲಿಲ್ಲ. ಮೂರು ವಾರಗಳ ಓಟದಲ್ಲಿ ಒಬ್ಬರೇ ಗಾಳಿಯೊಡನೆ ಜಗಳಕ್ಕೆ ಬಿದ್ದರೆ ಏನಾಗಬೇಕೋ ಅದೇ ಆಯಿತು. ಅವರನ್ನು ಹಿಡಿದರು, ದಾಟಿದರು. ಕೊನೆಯ ಏರಾದ ಸೂಪರ್‌ಬಾನ್ಯೇರ್‌ನಲ್ಲಿ ಇನೊ ಕಾಲುಗಳು ಸೋತವು. ಅದೇ ತಂಡದ ಅಮೆರಿಕದ ಸವಾರ ಆ್ಯಂಡಿ ಹ್ಯಾಂಪ್‌ಸ್ಟನ್ ತಮ್ಮ ಶಕ್ತಿಯನ್ನೆಲ್ಲ ಲೆಮಾಂಡ್‌ಗಾಗಿ ಸುರಿದರು. ಲೆಮಾಂಡ್ ಹಂತವನ್ನು ಗೆದ್ದರು, 5 ನಿಮಿಷ 25 ಸೆಕೆಂಡ್ ಇದ್ದ ಅಂತರ 40 ಸೆಕೆಂಡಿಗೆ ಇಳಿಯಿತು. ಕೆಲವು ದಿನಗಳ ನಂತರ ಗ್ರಾನೋನ್ ಏರಿನಲ್ಲಿ ಹಳದಿ ಅಂಗಿ ಲೆಮಾಂಡ್ ಮೈಮೇಲೆ ಬಂತು.

ನನಗೆ ಅತ್ಯಂತ ಇಷ್ಟವಾದ ದಿನ ಅದರ ಮರುದಿನ. ಆಲ್ಪ್ ದ್ಯುಯೆಜ್, 21 ತಿರುವುಗಳ ಏರು, ಇಕ್ಕೆಲಗಳಲ್ಲಿ ಕಿಕ್ಕಿರಿದ ಜನ. ಇನೊ ಮತ್ತು ಲೆಮಾಂಡ್ ಉಳಿದವರನ್ನೆಲ್ಲ ಐದು ನಿಮಿಷ ಹಿಂದೆ ಬಿಟ್ಟು ಇಬ್ಬರೇ ಹತ್ತಿದರು. ಹೆಚ್ಚುಕಡಿಮೆ ಇಡೀ ಏರಿನಲ್ಲಿ ಮುಂದಿದ್ದವರು ಇನೊ, ಅವರ ಚಕ್ರದ ಹಿಂದೆ ಲೆಮಾಂಡ್. ಗುರಿಯ ಬಳಿ ಇಬ್ಬರೂ ಕೈಕೈ ಹಿಡಿದು ನಗುತ್ತಾ ಗೆರೆ ದಾಟಿದರು. ಇನೊ ಚಕ್ರ ಕೂದಲೆಳೆಯಷ್ಟು ಮುಂದೆ. ಆ ಛಾಯಾಚಿತ್ರವನ್ನು ನೀವೂ ಎಲ್ಲಿಯಾದರೂ ನೋಡಿರಬಹುದು. ಋಣ ತೀರಿತು ಎಂದು ಜಗತ್ತು ಕಣ್ಣೊರೆಸಿಕೊಂಡಿತು. ಅದಾದ ಸ್ವಲ್ಪ ಹೊತ್ತಿಗೇ ಇನೊ ಟೆಲಿವಿಷನ್ ಕ್ಯಾಮೆರಾದ ಮುಂದೆ ಕುಳಿತು, ಓಟ ಇನ್ನೂ ಮುಗಿದಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿದರು. ಪಕ್ಕದಲ್ಲಿದ್ದ ಲೆಮಾಂಡ್ ಮುಖವನ್ನು ನೆನೆದರೆ ನನಗೆ ಇಂದಿಗೂ ಅಯ್ಯೋ ಎನಿಸುತ್ತದೆ. ಕೊನೆಗೆ ಲೆಮಾಂಡ್ 3 ನಿಮಿಷ 10 ಸೆಕೆಂಡ್ ಅಂತರದಿಂದ ಗೆದ್ದರು. ಯೂರೋಪಿನ ಹೊರಗಿನವರೊಬ್ಬರು ಟೂರ್ ಗೆದ್ದದ್ದು ಅದೇ ಮೊದಲು. ಎದುರಾಳಿಗಳನ್ನು ದಣಿಸಿ ಲೆಮಾಂಡ್ ದಾರಿಯನ್ನು ಹದ ಮಾಡಿದ್ದೇ ನಾನು ಎಂದು ಇನೊ ಹೇಳುತ್ತಾ ಬಂದರು. ಅದು ಪೂರ್ತಿ ಸುಳ್ಳೂ ಅಲ್ಲ. ಎದುರಾಳಿಗಳು ದಣಿದದ್ದು ನಿಜ. ಆದರೆ ದಣಿಸುವ ಆಟದಲ್ಲಿ ಲೆಮಾಂಡ್ ಅವರನ್ನೂ ಐದು ನಿಮಿಷ ಹಿಂದೆ ಬಿಟ್ಟು ಹೋಗುವ ಅಗತ್ಯವೇನಿತ್ತು ಎಂಬುದಕ್ಕೆ ಒಪ್ಪುವಂಥ ಉತ್ತರವನ್ನು ನಾನು ಇದುವರೆಗೆ ಕೇಳಿಲ್ಲ.

ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ಈ ಕಥೆ ಹೇಳುವಾಗ ನನಗೆ ಯಾವಾಗಲೂ ಹೀಗೇ ಆಗುತ್ತದೆ. ಉಳಿದವುಗಳನ್ನು ಓಡಿಸಿಕೊಂಡು ಹೋಗುತ್ತೇನೆ.

ಮರುವರ್ಷ, 1987ರ ಜಿರೊ ಡಿ ಇಟಾಲಿಯಾದಲ್ಲಿ, ಅಂದರೆ ಟೂರ್‌ನಂಥದೇ ಇಟಲಿಯ ಓಟದಲ್ಲಿ, ಕರೇರಾ ತಂಡದ ರೊಬೆರ್ಟೊ ವಿಸೆಂಟಿನಿ ಎಲ್ಲರಿಗಿಂತ ಮುಂದಿರುವವನ ಗುಲಾಬಿ ಅಂಗಿಯಲ್ಲಿದ್ದಾಗ ಅವರದೇ ತಂಡದ ಸ್ಟೀಫನ್ ರೋಚ್ ಸಪ್ಪಾದಾ ಹಂತದಲ್ಲಿ ಸಿಡಿದು ಹೋದರು. ಹೌದು, ಅದೇ ರೋಚ್. ತಂಡ ತನ್ನದೇ ಸವಾರನನ್ನು ಬೆನ್ನಟ್ಟಿತು, ವಿಸೆಂಟಿನಿ ಕುಸಿದರು, ಗುಲಾಬಿ ಅಂಗಿ ರೋಚ್ ಪಾಲಾಯಿತು. ಇಟಲಿಯ ಜನ ರಸ್ತೆಬದಿಯಿಂದ ಉಗುಳುತ್ತಿದ್ದಾಗ ತಂಡದಲ್ಲಿ ರೋಚ್ ಪಕ್ಕಕ್ಕೆ ನಿಂತವರು ಬೆಲ್ಜಿಯಂನ ಎಡ್ಡಿ ಸ್ಕೆಪರ್ಸ್ ಒಬ್ಬರೇ. ಒಂದು ಇಡೀ ತಂಡ ಎದುರಾದರೂ ಒಬ್ಬ ನಿಷ್ಠಾವಂತನಿದ್ದರೆ ಜಿರೊ ಗೆಲ್ಲಬಹುದು, ರೋಚ್ ಗೆದ್ದರು. 2012ರ ಟೂರ್‌ನಲ್ಲಿ ಲಾ ತುಸ್ವೀರ್ ಏರಿನಲ್ಲಿ ಕ್ರಿಸ್ ಫ್ರೂಮ್ ತಮ್ಮ ನಾಯಕ ಬ್ರಾಡ್ಲಿ ವಿಗಿನ್ಸ್ ಅವರನ್ನು ಬಿಟ್ಟು ಮುಂದೆ ಹೋದರು, ಕಿವಿಯಲ್ಲಿನ ರೇಡಿಯೊದಲ್ಲಿ ಆದೇಶ ಬಂತು, ನಿಂತರು, ಕಾದರು. ವಿಗಿನ್ಸ್ ಗೆದ್ದರು, ಫ್ರೂಮ್ ಎರಡನೆಯವರಾದರು. ಮರುವರ್ಷದ ಟೂರ್ ಫ್ರೂಮ್ ಅವರದಾಯಿತು. ಇದರ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು, ಇಂದು ಬೇಡ.

ಒಂದನ್ನು ಮಾತ್ರ ಬಿಡಲಾರೆ. ಸೆಪ್ ಕುಸ್ ಎಂಬ ಅಮೆರಿಕದ ಸವಾರ ಪ್ರಿಮೋಜ್ ರೊಗ್ಲಿಚ್ ಮತ್ತು ಯೋನಾಸ್ ವಿಂಗೆಗೋರ್ ಎಂಬ ಇಬ್ಬರು ನಾಯಕರಿಗಾಗಿ ವರ್ಷಗಟ್ಟಲೆ ಬೆಟ್ಟಗಳಲ್ಲಿ ಮುಂದಾಳಾಗಿ ತುಳಿದವರು. 2023ರಲ್ಲಿ ಸ್ಪೇನಿನ ವುಯೆಲ್ಟಾ ಓಟದಲ್ಲಿ ಕೆಂಪು ಅಂಗಿ, ಅಂದರೆ ಅಲ್ಲಿನ ಹಳದಿ ಅಂಗಿ, ಅನಿರೀಕ್ಷಿತವಾಗಿ ಕುಸ್ ಮೈಮೇಲೆ ಬಂತು. ಅಂಗ್ಲಿರು ಎಂಬ ಭಯಂಕರ ಏರಿನಲ್ಲಿ, ಆ ಇಬ್ಬರೂ ನಾಯಕರು ಕುಸ್ ಅವರನ್ನು ಹಿಂದೆ ಬಿಟ್ಟು ಹತ್ತಿಬಿಟ್ಟರು. ಅಷ್ಟು ವರ್ಷ ಯಾರ ಪಾಲಿನ ಗಾಳಿಗೆ ಎದೆಯೊಡ್ಡಿದ್ದರೋ ಅವರೇ ಮುಂದೆ ಹೋಗಿದ್ದರು. ಅಂದು ಕುಸ್ ಮುಂದೆ ತುಳಿದು ದಾರಿ ಕೊಟ್ಟವರು ಬೇರೆ ತಂಡದ ಮಿಕೆಲ್ ಲಾಂಡಾ. ತುದಿ ತಲುಪಿದಾಗ ಕುಸ್ ಕೈಯಲ್ಲಿ ಉಳಿದ ಮುನ್ನಡೆ 8 ಸೆಕೆಂಡ್. ಅಭಿಮಾನಿಗಳು ಸಿಟ್ಟಿಗೆದ್ದರು, ತಂಡ ಕೂತು ಮಾತಾಡಿತು, ಮರುದಿನದಿಂದ ಇಬ್ಬರು ನಾಯಕರೂ ಕುಸ್‌ಗಾಗಿ ತುಳಿದರು. ಮ್ಯಾಡ್ರಿಡ್‌ನಲ್ಲಿ ಮೂವರೂ ಒಂದೇ ವೇದಿಕೆಯ ಮೇಲಿದ್ದರು: ಕುಸ್ ಮೊದಲು, 17 ಸೆಕೆಂಡ್ ಹಿಂದೆ ವಿಂಗೆಗೋರ್, ಮೂರನೆಯವರಾಗಿ ರೊಗ್ಲಿಚ್.

ಮುಂದಿನ ಸಲ ಟೆಲಿವಿಷನ್ನಿನಲ್ಲಿ ಬೆಟ್ಟದ ಹಂತ ಬಂದಾಗ, ದಯವಿಟ್ಟು ಅಂಗಿಯ ಬಣ್ಣವನ್ನು ಸ್ವಲ್ಪ ಹೊತ್ತು ಮರೆತು, ಅದರ ಮುಂದೆ ಬಾಯಿ ತೆರೆದು ಏದುಸಿರು ಬಿಡುತ್ತಾ ತುಳಿಯುತ್ತಿರುವವನನ್ನು ನೋಡಿ. ಕ್ಯಾಮೆರಾ ಬೇಗ ಅವನನ್ನು ಬಿಟ್ಟುಬಿಡುತ್ತದೆ. ನಮಸ್ಕಾರ.