ಗುಡಿಸಲಿನಲ್ಲಿ ಹೇಳಿದ ಸುಳ್ಳು

'ಇಂಟು ದ ವೈಟ್' ನೋಡಿದ್ದೀರಾ? 2012ರ ನಾರ್ವೆ ಸಿನಿಮಾ, ಎರಡನೇ ಮಹಾಯುದ್ಧದ ಕಥೆ. ಮೂವರು ಜರ್ಮನ್ನರು, ಇಬ್ಬರು ಬ್ರಿಟಿಷರು. ಸುತ್ತ ಬರೀ ಹಿಮ, ನಡುವೆ ಒಂದು ಗುಡಿಸಲು. ಮೊದಲು ಜರ್ಮನ್ನರು ಬ್ರಿಟಿಷರನ್ನು ಸೆರೆ ಹಿಡಿಯುತ್ತಾರೆ. ಬಂದೂಕು ಕೈ ಬದಲಾದ ಕೂಡಲೇ ಸೆರೆಯಾಳುಗಳೇ ಕಾವಲುಗಾರರಾಗುತ್ತಾರೆ. ಕೊನೆಗೆ ಚಳಿಗೂ ಹಸಿವಿಗೂ ಸೋತು ಎಲ್ಲರೂ ಒಂದಾಗುತ್ತಾರೆ. ಹ್ಯಾರಿ ಪಾಟರ್‌ನ ರಾನ್ ಇದ್ದಾನಲ್ಲ, ರೂಪರ್ಟ್ ಗ್ರಿಂಟ್, ಇಲ್ಲಿ ಬಾಯಿಬಡುಕ ಸೈನಿಕ. ಚೆನ್ನಾಗಿಯೇ ಮಾಡಿದ್ದಾನೆ.

ಸಿನಿಮಾ ಕೆಟ್ಟದಾಗಿದೆ ಅಂತ ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ. ಇದು ನಿಜವಾಗಿ ನಡೆದದ್ದು, ಮತ್ತು ನಡೆದದ್ದು ಸಿನಿಮಾಕ್ಕಿಂತ ಜಾಸ್ತಿ ಕಾಡುತ್ತದೆ.

1940ರ ಏಪ್ರಿಲ್ 27, ನಾರ್ವೆಯ ಗ್ರೋಟ್ಲಿ ಹತ್ತಿರದ ಬೆಟ್ಟಗಳು. ಬ್ರಿಟಿಷರ ಸ್ಕುವಾ ವಿಮಾನ ಜರ್ಮನ್ನರ ಹೈಂಕೆಲ್ ಬಾಂಬರೊಂದನ್ನು ಹೊಡೆದು ಬೀಳಿಸಿತು. ಸ್ವಲ್ಪ ಹೊತ್ತಿಗೆ ಆ ಸ್ಕುವಾದ ಎಂಜಿನ್ನೇ ಕೈಕೊಟ್ಟು ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿಯಬೇಕಾಯಿತು. ಅದರಲ್ಲಿದ್ದ ಪೈಲಟ್ ಪಾರ್ಟ್ರಿಜ್ ಮತ್ತು ಜೊತೆಗಾರ ಬಾಸ್ಟಾಕ್ ಹೇಗೋ ಗುಡಿಸಲು ಹುಡುಕಿ ಸೇರಿಕೊಂಡರು. ಅಷ್ಟರಲ್ಲಿ ಬಾಗಿಲಿಗೆ ಬಂದವರು ಯಾರು? ತಾವೇ ಬೀಳಿಸಿದ ವಿಮಾನದವರು! ಜೊತೆಗಾರನೊಬ್ಬನನ್ನು ಆಗಷ್ಟೇ ಕಳೆದುಕೊಂಡವರು.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಪಾರ್ಟ್ರಿಜ್ ಸುಳ್ಳು ಹೇಳಿದ. ನಾವು ವೆಲ್ಲಿಂಗ್ಟನ್ ಬಾಂಬರಿನವರು, ನಮ್ಮದೂ ಬಿದ್ದುಹೋಯಿತು ಅಂತ. ಅದೂ ಹರಕು ಮುರುಕು ಇಂಗ್ಲಿಷು, ಜರ್ಮನ್‌ನಲ್ಲಿ. ಜರ್ಮನ್ನರು ನಂಬಿದರು.

ಸಿನಿಮಾ ಇವರನ್ನು ದಿನಗಟ್ಟಲೆ ಕೂಡಿಹಾಕಿ ನಿಧಾನವಾಗಿ ಗೆಳೆಯರನ್ನಾಗಿ ಮಾಡುತ್ತದೆ. ನಿಜದಲ್ಲಿ ಅಷ್ಟು ಪುರುಸೊತ್ತು ಎಲ್ಲಿತ್ತು? ಮರುದಿನವೇ ಹೋಟೆಲೊಂದರಲ್ಲಿ ಒಟ್ಟಿಗೆ ತಿಂಡಿ ತಿಂದರು, ಅಷ್ಟೇ. ಸ್ಕೀ ಹಾಕಿಕೊಂಡು ಬಂದ ನಾರ್ವೆ ಸೈನಿಕರ ಗುಂಡಿಗೆ ಸ್ಟ್ರಂಕ್ ಅನ್ನುವ ಜರ್ಮನ್ ಸತ್ತ. ಇದಕ್ಕೆ ಗೆಳೆತನ ಅಂತ ಹೆಸರಿಡಲು ನನಗೆ ಮನಸ್ಸಾಗುವುದಿಲ್ಲ. ಹೆದರಿದವರು ಒಂದು ಸುಳ್ಳನ್ನು ನಡುವೆ ಇಟ್ಟುಕೊಂಡು ಚಳಿ ಕಾಯಿಸಿಕೊಂಡರು, ಅಲ್ವಾ?

ಆಮೇಲಿನದು ಇನ್ನೂ ವಿಚಿತ್ರ. ಜರ್ಮನ್ ಪೈಲಟ್ ಶೋಪಿಸ್ ಯುದ್ಧಕೈದಿಯಾಗಿ ಕೆನಡಾ ಸೇರಿದ. ಅದೇ ವರ್ಷ ಜೂನ್ 13ಕ್ಕೆ ಜರ್ಮನ್ನರ ಶಾರ್ನ್‌ಹಾರ್ಸ್ಟ್ ಹಡಗಿನ ಮೇಲೆ ದಾಳಿಗೆ ಹೋದ ಬಾಸ್ಟಾಕ್ ಸತ್ತ, ಪಾರ್ಟ್ರಿಜ್ ಜರ್ಮನ್ನರ ಕೈಗೆ ಸಿಕ್ಕಿಬಿದ್ದ. ಅಂದರೆ ಇಬ್ಬರೂ ಪೈಲಟ್‌ಗಳು ಪರಸ್ಪರರ ಕಡೆಯ ಸೆರೆಯಲ್ಲೇ ಕೊಳೆತರು.

1977ರಲ್ಲಿ ಶೋಪಿಸ್ ಮನೆಯ ಫೋನ್ ರಿಂಗಾಯಿತು. ಆ ಕಡೆ ಪಾರ್ಟ್ರಿಜ್. ಮೂವತ್ತೇಳು ವರ್ಷಗಳ ಮೇಲೆ! ನಾನು ನಿರ್ದೇಶಕನಾಗಿದ್ದರೆ ಗುಡಿಸಲಿನ ದೃಶ್ಯವನ್ನು ಹತ್ತೇ ನಿಮಿಷದಲ್ಲಿ ಮುಗಿಸಿ, ಕ್ಯಾಮೆರಾ ತಂದು ಆ ಫೋನಿನ ಮುಂದೆ ಇಡುತ್ತಿದ್ದೆ.