ಎರಡು ಸಾವಿರ ಗಜ ನೂಲು

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯ ಟಿಳಕವಾಡಿಯಲ್ಲಿ ವೀರಸೌಧ ಎಂಬ ಸ್ಮಾರಕವಿದೆ. ಅಲ್ಲೇ ಒಂದು ಬಾವಿ. ಊರವರು ಅದನ್ನು ಕಾಂಗ್ರೆಸ್ ಬಾವಿ ಎಂದೇ ಕರೆಯುತ್ತಾರೆ. 1924ರ ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಕಾಂಗ್ರೆಸ್ಸಿನ 39ನೆಯ ಅಧಿವೇಶನ ಸೇರಿದಾಗ, ಬಂದ ಜನಕ್ಕೆ ನೀರು ಸಾಲಬೇಕಲ್ಲ ಎಂದು ತೋಡಿಸಿದ ಬಾವಿ. ಅದಕ್ಕೆ ಆದ ಖರ್ಚು 4,370 ರೂಪಾಯಿ 3 ಆಣೆ. ಆ ಮೂರಾಣೆಯನ್ನೂ ಬಿಡದೆ ಲೆಕ್ಕ ಇಟ್ಟವರ ಮೇಲೆ ನನಗೆ ತುಂಬಾ ಗೌರವ.

ನಾನು ಒಂದು ಪಕ್ಷದ ಸಾಮಾನ್ಯ ಕಾರ್ಯಕರ್ತ. ಯಾವ ಪಕ್ಷ ಅನ್ನುವುದು ಇವತ್ತಿನ ಮಾತಿಗೆ ಬೇಡ. ಮತದಾರರ ಪಟ್ಟಿ ಹಿಡಿದು ಓಣಿ ಓಣಿ ತಿರುಗುವುದು, ಹೆಸರು ಬಿಟ್ಟುಹೋದವರಿಗೆ ಆರನೇ ನಂಬರಿನ ಫಾರಂ ತುಂಬಿಕೊಡುವುದು, ಸಮಾವೇಶಕ್ಕೆ ಕರೆ ಬಂದರೆ ಬಸ್ಸು ಹತ್ತುವುದು, ಇಷ್ಟು ನನ್ನ ಕೆಲಸ. ಬಸ್ಸು ಹತ್ತುವುದು ನನಗೆ ಇಷ್ಟವೂ ಹೌದು. ಬೇರೆ ಬೇರೆ ಜಿಲ್ಲೆಯವರು ಒಂದೇ ಚಪ್ಪರದಡಿ ಕೂತು ಪಲಾವಿನ ಪೊಟ್ಟಣ ಬಿಚ್ಚುವಾಗ, ನಿಮ್ಮ ಕಡೆ ಮಳೆ ಹೇಗೆ, ಕಬ್ಬಿನ ಬಾಕಿ ಬಂತೇ ಎಂದು ಕೇಳಿಕೊಳ್ಳುವಾಗ, ನಾನು ಒಬ್ಬನೇ ಅಲ್ಲ ಅನ್ನಿಸುತ್ತದೆ. ಅದು ಸಣ್ಣ ಸಂಗತಿಯಲ್ಲ.

ಒಂದು ಸಲ ನಾನು ಒಂದು ಹಾಳೆಯಲ್ಲಿ ಠರಾವು ಬರೆದುಕೊಂಡು ಹೋಗಿದ್ದೆ. ನಮ್ಮೂರ ಶಾಲೆಯಲ್ಲಿ ಐದು ತರಗತಿಗೆ ಇಬ್ಬರೇ ಮೇಷ್ಟ್ರು. ಅದನ್ನು ಪಕ್ಷ ಕೈಗೆತ್ತಿಕೊಳ್ಳಬೇಕು ಎಂದು. ವೇದಿಕೆಯ ಪಕ್ಕ ಎರಡು ತಾಸು ನಿಂತೆ. ಕೊನೆಗೆ ಒಬ್ಬರು ಹಾಳೆ ತೆಗೆದುಕೊಂಡು, "ಆಯ್ತು, ಕೂತ್ಕೋ ಹೋಗಪ್ಪಾ" ಅಂದರು. ಸಂಜೆ ಐದು ಠರಾವು ಓದಿದರು, ಕೈ ಎತ್ತಿ ಅಂದರು, ಎತ್ತಿದೆವು. ನನ್ನದು ಅದರಲ್ಲಿರಲಿಲ್ಲ. ಊರಿಗೆ ಮರಳುವಾಗ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ವಾರ ಬೆಳಗಾವಿಗೆ ಹೋದವನು ಆ ಬಾವಿಯ ಕಟ್ಟೆಯ ಹತ್ತಿರ ನಿಂತೆ. ನೂರು ವರ್ಷದ ಹಿಂದೆ ಇಲ್ಲಿಗೆ ಬಂದ ಹಳ್ಳಿಯ ಸದಸ್ಯನಿಂದ ಅವನ ಪಕ್ಷ ಏನು ಕೇಳಿತ್ತು ಅನ್ನುವ ಪ್ರಶ್ನೆ ಅಲ್ಲಿ ಹುಟ್ಟಿತು.

ಆ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರು. ಅವರು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಜೀವನದಲ್ಲಿ ಅದೊಂದೇ ಸಲ. ಸ್ವಾಗತ ಸಮಿತಿಯ ಹೊಣೆ ಗಂಗಾಧರರಾವ್ ದೇಶಪಾಂಡೆಯವರದು. ನಾ. ಸು. ಹರ್ಡೀಕರರ ಸೇವಾದಳದ ಹುಡುಗರು ಹಗಲು ರಾತ್ರಿ ದುಡಿದರು. ಅಧಿವೇಶನದ ನಗರಕ್ಕೆ ಇಟ್ಟ ಹೆಸರು ವಿಜಯನಗರ. ಅದೇ ಹೊತ್ತಿಗೆ ಅಲ್ಲೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ನಡೆಯಿತು. ಇವೆಲ್ಲ ನಾವು ಆಗಾಗ ಕೇಳುವ ಮಾತು. ಬೆಳಗಾವಿಯಲ್ಲಿ ಪಾಸಾದ ಇನ್ನೊಂದು ನಿಯಮದ ಬಗ್ಗೆ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ.

ಅಲ್ಲಿಯವರೆಗೆ ವರ್ಷಕ್ಕೆ ನಾಲ್ಕಾಣೆ ಕೊಟ್ಟರೆ ಸದಸ್ಯ. ಬೆಳಗಾವಿಯ ನಂತರ ನಾಲ್ಕಾಣೆ ಹೋಯಿತು. ಅದರ ಬದಲು ತಿಂಗಳಿಗೆ ಎರಡು ಸಾವಿರ ಗಜ ನೂಲು, ತನ್ನ ಕೈಯಾರೆ ತೆಗೆದದ್ದು. ನೂಲಲು ಆಗದವರು, ಒಲ್ಲದವರು ಬೇರೆಯವರಿಂದ ನೂಲು ಪಡೆದು ಕೊಡಬಹುದು ಎಂಬ ಸಡಿಲಿಕೆಯೂ ಇತ್ತು. ಕಾಂಗ್ರೆಸ್ಸಿನೊಳಗೇ ಇದ್ದ ಚಿತ್ತರಂಜನ ದಾಸ್, ಮೋತಿಲಾಲ್ ನೆಹರೂ ಅವರ ಸ್ವರಾಜ್ ಪಕ್ಷದವರ ಜೊತೆ ಮಾಡಿಕೊಂಡ ಒಪ್ಪಂದವದು. ಆದರೆ ಅಳತೆ ಎಲ್ಲರಿಗೂ ಒಂದೇ. ಬ್ಯಾರಿಸ್ಟರನಿಗೂ ಎರಡು ಸಾವಿರ ಗಜ, ಕೂಲಿಯವನಿಗೂ ಎರಡು ಸಾವಿರ ಗಜ.

ಎರಡು ಸಾವಿರ ಗಜ ಅಂದರೆ ಎಷ್ಟು ಎಂದು ತಿಳಿಯಲು ಹುದಲಿಗೆ ಹೋದೆ. ಗಂಗಾಧರರಾಯರ ಸ್ವಂತ ಊರು, ಖಾದಿಗೆ ಹೆಸರಾದದ್ದು. ಅಲ್ಲಿ ಒಬ್ಬ ಅಕ್ಕ ಹಳೆಯ ರಾಟಿಯೊಂದನ್ನು ನನ್ನ ಮುಂದಿಟ್ಟು ಹಂಜಿ, ಅಂದರೆ ನೂಲಲು ಹದಮಾಡಿದ ಹತ್ತಿಯ ಸುರುಳಿ, ಕೈಗೆ ಕೊಟ್ಟರು. ಬಲಗೈಯಿಂದ ಗಾಲಿ ತಿರುಗಿಸಿ, ಎಡಗೈಯಿಂದ ಹಂಜಿ ಹಿಂದಕ್ಕೆಳೆಯಬೇಕು. ಎಳೆ ಒಂದು ಗೇಣು ಬರುವಷ್ಟರಲ್ಲಿ ಹರಿಯಿತು. ಮತ್ತೆ ಕದಿರಿಗೆ ಸುತ್ತಿ ಎಳೆದೆ, ಮತ್ತೆ ಹರಿಯಿತು. "ಬಿಗಿ ಹಿಡೀಬ್ಯಾಡ್ರಿ ಅಣ್ಣಾರ, ಅದು ತಾನ ಬರ್ತದ, ಬರಾಕ ಬಿಡ್ರಿ" ಅಂದರು ಆಕೆ. ಅರ್ಧ ತಾಸಿನಲ್ಲಿ ನಾನು ತೆಗೆದದ್ದು ದಪ್ಪ, ಸಣ್ಣ, ಗಂಟು ಗಂಟಾದ ಮೊಳಗಟ್ಟಲೆ ನೂಲು. ಗಾಂಧೀಜಿ ಕೇಳಿದ್ದು ದಿನಕ್ಕೆ ಅರ್ಧ ತಾಸು. ತಿಂಗಳಿಗೆ ಹದಿನೈದು ತಾಸು ಆಯಿತು. ಎರಡು ಸಾವಿರ ಗಜ ಮುಟ್ಟಬೇಕಾದರೆ ತಾಸಿಗೆ ನೂರಾ ಮೂವತ್ತಕ್ಕೂ ಹೆಚ್ಚು ಗಜ ತೆಗೆಯಬೇಕು. ವರ್ಷಕ್ಕೆ 24,000 ಗಜ. ನೆಲದ ಮೇಲೆ ಹಾಸಿದರೆ ಇಪ್ಪತ್ತೆರಡು ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ.

ಆ ನಿಯಮ ಉಳಿಯಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಟ್ನಾದಲ್ಲಿ ಅದನ್ನು ಬದಲಿಸಿ, ನಾಲ್ಕಾಣೆ ಇಲ್ಲವೇ ನೂಲು, ಯಾವುದಾದರೂ ಸರಿ ಎಂದರು. ಕಾರ್ಯಸಾಧುವಲ್ಲದ ನಿಯಮ ಎಂದವರ ಮಾತು ನನಗೆ ಅರ್ಥವಾಗುತ್ತದೆ. ಮುರಿದುಬಿದ್ದ ಆ ನಿಯಮವೇ ನನ್ನನ್ನು ಬಿಡದೆ ಕಾಡುತ್ತದೆ. ಕೆಳಗಿನ ಸದಸ್ಯನ ದಿನದಲ್ಲಿ ಅರ್ಧ ತಾಸು ಬೇಕು ಎಂದು ಪಕ್ಷವೊಂದು ಬಾಯಿಬಿಟ್ಟು ಕೇಳಿತ್ತು. ಅವನು ಕೊಟ್ಟದ್ದನ್ನು ಗಜದಲ್ಲಿ ಅಳೆದು ಬರೆದುಕೊಳ್ಳುತ್ತೇವೆ ಎಂದಿತ್ತು. ನನಗೆ ಇವತ್ತು ಮೊಬೈಲಿನಲ್ಲಿ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಸದಸ್ಯತ್ವದ ನಂಬರು ಬಂದುಬಿಡುತ್ತದೆ. ಏನೂ ಕೇಳದ ಪಕ್ಷಕ್ಕೆ ನನ್ನ ಮಾತು ಕೇಳಬೇಕೆಂದೂ ಅನ್ನಿಸುವುದಿಲ್ಲ. ನೋವಿನಿಂದಲೇ ಇದನ್ನು ಹೇಳುತ್ತಿದ್ದೇನೆ.

ಈಗ ನಮ್ಮ ಬೂತಿನ ಹದಿಮೂರು ಮಂದಿ ಸೇರಿ ಒಂದು ಕಟ್ಟು ಹಾಕಿಕೊಂಡಿದ್ದೇವೆ. ಒಬ್ಬೊಬ್ಬರೂ ವಾರಕ್ಕೆ ಎರಡು ತಾಸು ಶಾಲೆಯಲ್ಲಿ ಕೂತು ಮಕ್ಕಳಿಗೆ ಓದಿಸುವುದು. ಬಂದವರ ಹೆಸರು, ತಾಸು, ಒಂದು ನೋಟುಬುಕ್ಕಿನಲ್ಲಿ ಬರೆಯುತ್ತೇವೆ. ತಪ್ಪಿಸಿದ ದಿನವನ್ನೂ ಬರೆಯುತ್ತೇವೆ. ಮುಂದಿನ ತಿಂಗಳು ಮತ್ತೆ ಸಮಾವೇಶವಿದೆ. ಅದೇ ಠರಾವನ್ನು ಹೊಸ ಹಾಳೆಯಲ್ಲಿ ಬರೆದಿದ್ದೇನೆ. ಈ ಸಲ ಕೆಳಗೆ ಹದಿಮೂರು ಸಹಿಗಳಿವೆ, ನೋಟುಬುಕ್ಕೂ ಚೀಲದಲ್ಲಿದೆ.

ನಮಸ್ಕಾರ.