ನಿಧಾನವಾದದ್ದು ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಇನ್ನೇನು ಹೊಸ ಶಾಲಾ ವರ್ಷ ಶುರುವಾಗುತ್ತದೆ. 6, 7, 8ನೆಯ ತರಗತಿಗೆ ವಿಜ್ಞಾನ ಪಾಠ ಮಾಡುವ ಶಿಕ್ಷಕರು ಈಗ ಹೇಗೆ ಕೂತಿರುತ್ತೀರಿ ಅನ್ನುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಒಂದು ಪಕ್ಕ ಪಠ್ಯಪುಸ್ತಕ, ಇನ್ನೊಂದು ಪಕ್ಕ ಕ್ಯಾಲೆಂಡರ್, ನಡುವೆ ವಾರ್ಷಿಕ ಪಾಠಯೋಜನೆಯ ಖಾಲಿ ಹಾಳೆ. ಇಷ್ಟು ಪಾಠ, ಇಷ್ಟು ತಿಂಗಳು, ಭಾಗಿಸಿ ಬರೆದುಬಿಟ್ಟರೆ ಕೆಲಸ ಮುಗಿಯಿತು. ಮೊದಮೊದಲು ನಾನೂ ಹಾಗೇ ಬರೆಯುತ್ತಿದ್ದೆ. ದಯವಿಟ್ಟು ಒಂದು ಹತ್ತು ನಿಮಿಷ ಪೆನ್ನು ಕೆಳಗಿಡಿ.

ನಾನು ಹೇಳಲು ಬಂದಿರುವುದು ಒಂದೇ ಮಾತು. ನಿಧಾನವಾಗಿ ಆಗುವುದನ್ನು ಮೊದಲು ಶುರು ಮಾಡಿ. ಪುಸ್ತಕದಲ್ಲಿ ಅದು ಎಷ್ಟನೆಯ ಪಾಠವಾದರೂ ಇರಲಿ, ಶಾಲೆ ತೆರೆದ ಮೊದಲ ವಾರವೇ ಶುರು ಮಾಡಿ.

ಯಾಕೆ ಅಂತೀರಾ? ಪುಸ್ತಕದ ಪಾಠಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿವೆ. ಆದರೆ ಬೀಜಕ್ಕೆ, ಚಂದ್ರನಿಗೆ, ತುಕ್ಕಿಗೆ, ನೆರಳಿಗೆ ಆ ಸಾಲು ಗೊತ್ತಿಲ್ಲ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ ಬೇಕೇಬೇಕು. ನೀವು ಚಂದ್ರನ ಪಾಠಕ್ಕೆ 3 ಪಿರಿಯಡ್ ಕೊಟ್ಟಿದ್ದೀರಿ ಅಂತ ಚಂದ್ರ ಅವಸರ ಮಾಡುವುದಿಲ್ಲ. ಆಗ ಏನಾಗುತ್ತದೆ? ಹಲಗೆಯ ಮೇಲೆ ಎಂಟು ವೃತ್ತ ಬರೆದು, ಅರ್ಧರ್ಧ ಬಳಿದು, ಮುಂದಿನ ಪಾಠಕ್ಕೆ ಹೋಗುತ್ತೇವೆ. ಆ ಮಗು ಪರೀಕ್ಷೆಯಲ್ಲಿ ಎಂಟೂ ವೃತ್ತ ಬರೆಯುತ್ತದೆ. ಹೊರಗೆ ಬಂದು ಹಗಲಲ್ಲಿ ಚಂದ್ರ ಕಂಡರೆ ಬೆರಗಾಗಿ ನಿಲ್ಲುತ್ತದೆ.

ಇದನ್ನು ನಾನು ಕಲಿತದ್ದು ಒಂದು ಕೋಲಿನಿಂದ. ಆ ಕತೆ ಹೇಳಲೇಬೇಕು.

ಒಂದು ವರ್ಷ 7ನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬೇಸಿಗೆ ಯಾಕೆ ಬರುತ್ತದೆ ಎಂಬ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳು "ಆಗ ಭೂಮಿ ಸೂರ್ಯನಿಗೆ ಹತ್ತಿರ ಬರುತ್ತದೆ" ಎಂದು ಬರೆದಿದ್ದರು. ಆ ಪಾಠ ನಾನೇ ಮಾಡಿದ್ದೆ, ವರ್ಷದ ಕೊನೆಯ ವಾರ, ಓಡೋಡುತ್ತಾ. ಮರುವರ್ಷ ಶಾಲೆ ತೆರೆದ ಮೊದಲ ಸೋಮವಾರವೇ ಮೈದಾನದ ಮೂಲೆಯಲ್ಲಿ ನೆಲದಿಂದ ಸರಿಯಾಗಿ 100 ಸೆಂಟಿಮೀಟರ್ ಮೇಲೆ ಬರುವಂತೆ ಒಂದು ಕೋಲು ನೆಟ್ಟೆವು. ಕೆಲಸ ಇಷ್ಟೇ. ಪ್ರತಿ ಸೋಮವಾರ ನಡುಹಗಲಲ್ಲಿ ನೆರಳು ಅತಿ ಗಿಡ್ಡವಾಗುವ ಹೊತ್ತಿಗೆ ಇಬ್ಬರು ಮಕ್ಕಳು ಹೋಗಿ ಅಳೆಯುವುದು, ಗೋಡೆಯ ಮೇಲಿನ ಗ್ರಾಫಿನಲ್ಲಿ ಒಂದು ಚುಕ್ಕಿ ಇಡುವುದು. ನಾನು ಏನನ್ನೂ ವಿವರಿಸಲಿಲ್ಲ.

ಮೊದಲ ವಿಸ್ಮಯ ಗಡಿಯಾರದಿಂದ ಬಂತು. ನೆರಳು ಅತಿ ಗಿಡ್ಡವಾಗುವುದು 12 ಗಂಟೆಗಲ್ಲ! 12 ದಾಟಿದ ಮೇಲೆಯೇ, ಕೆಲವು ವಾರ ಸ್ವಲ್ಪ ತಡ, ಕೆಲವು ವಾರ ಇನ್ನೂ ತಡ. ಮಕ್ಕಳು ಗಡಿಯಾರ ಕೆಟ್ಟಿದೆ ಅಂದರು, ಇನ್ನೊಂದು ಗಡಿಯಾರ ತಂದರು, ಅದೂ ಹಾಗೇ ಹೇಳಿತು. ಸರಿ, ಅದನ್ನೂ ಬರೆದಿಡಿ ಅಂದೆ.

ನವೆಂಬರಿನ ಕೊನೆಯ ಸೋಮವಾರ ನೆರಳು 67 ಸೆಂಟಿಮೀಟರ್ ಇತ್ತು. ವಾರದಿಂದ ವಾರಕ್ಕೆ ಚುಕ್ಕಿಗಳು ಏರುತ್ತಲೇ ಇದ್ದವು. ಆಮೇಲೆ ಕ್ರೀಡಾಕೂಟಕ್ಕೆ ಮೈದಾನ ಸಿದ್ಧ ಮಾಡುವಾಗ ಯಾರೋ ಕೋಲು ಕಿತ್ತುಹಾಕಿದರು. ಒಂದು ಸೋಮವಾರ ತಪ್ಪಿತು. ಮಕ್ಕಳೇ ಹುಡುಕಿ ತಂದು, ಅದೇ ಗುಂಡಿಗೆ ಮತ್ತೆ ನೆಟ್ಟು, ಮಣ್ಣು ತುಳಿದು ಗಟ್ಟಿ ಮಾಡಿದರು. ಅಳೆದರು. 64.

ಗ್ರಾಫಿನ ಗೆರೆ ಏರುತ್ತಾ ಬಂದು ತಟಕ್ಕನೆ ಇಳಿಯಿತು. ತರಗತಿಯಲ್ಲಿ ಎರಡು ಪಕ್ಷವಾಯಿತು. "ಸೂರ್ಯ ವಾಪಸ್ ತಿರುಗಿದ" ಅಂತ ಒಂದು ಪಕ್ಷ, "ಅಳತೆ ತಪ್ಪಾಗಿದೆ" ಅಂತ ಇನ್ನೊಂದು. ಮತ್ತೆ ಅಳೆದರೂ 64. ನನಗೂ ಹೊಳೆಯಲಿಲ್ಲ, ನಿಜ ಹೇಳುತ್ತೇನೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ, ಇಡೀ ವರ್ಷ ಬಾಯಿ ಬಿಡದವಳು, ಟೇಪು ಹಿಡಿದುಕೊಂಡು ಮೈದಾನಕ್ಕೆ ಓಡಿದಳು. ಬಂದು, "ಮೇಡಂ, ನೆರಳು ಅಲ್ಲ, ಕೋಲೇ ಗಿಡ್ಡ ಆಗಿದೆ. 88 ಇದೆ" ಅಂದಳು. ನೆಡುವಾಗ 12 ಸೆಂಟಿಮೀಟರ್ ಹೆಚ್ಚು ಆಳಕ್ಕೆ ಹೋಗಿತ್ತು. ಗಣಿತದ ಪಿರಿಯಡ್‌ನಲ್ಲಿ ಕಲಿತ ಅನುಪಾತ ಅವರಿಗೆ ಅಲ್ಲೇ ಒದಗಿತು. 88ಕ್ಕೆ 64 ಆದರೆ 100ಕ್ಕೆ ಎಷ್ಟು? ಹತ್ತಿರ ಹತ್ತಿರ 73. ಚುಕ್ಕಿ ಗೆರೆಯ ಮೇಲೆ ನೆಟ್ಟಗೆ ಹೋಗಿ ಕೂತಿತು. ಆ ತರಗತಿಯ ಗದ್ದಲ ಕೇಳಿ ಪಕ್ಕದ ತರಗತಿಯವರು ಬಂದು ನೋಡಿದರು.

ಡಿಸೆಂಬರ್ 22ರ ಹೊತ್ತಿಗೆ ನೆರಳು 75ಕ್ಕೆ ಬಂದು ನಿಂತಿತು, ಆಮೇಲೆ ಇಳಿಯತೊಡಗಿತು. ಜನವರಿಯ ಮೊದಲ ವಾರ ನಾನು ಬಾಯಿ ಬಿಟ್ಟೆ. ಮಕ್ಕಳೇ, ವರ್ಷದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಈ ವಾರವೇ, ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ 15 ಕೋಟಿ 21 ಲಕ್ಷ ಕಿಲೋಮೀಟರ್ ದೂರ ಇತ್ತು. ತರಗತಿ ಸ್ತಬ್ಧ. ಅದೇ ಹುಡುಗಿ ಎದ್ದು, "ಹತ್ತಿರ ಇರುವಾಗ ಚಳಿ ಯಾಕೆ ಮೇಡಂ?" ಅಂದಳು. ಒಂದು ಟಾರ್ಚ್ ತೆಗೆದು ಹಾಳೆಯ ಮೇಲೆ ನೇರ ಹಿಡಿದೆ, ಆಮೇಲೆ ಓರೆಯಾಗಿ ಹಿಡಿದೆ. ನೇರ ಹಿಡಿದಾಗ ಬೆಳಕು ಒಂದೇ ಕಡೆ ಗುಂಡಗೆ ಬಿತ್ತು, ಓರೆ ಹಿಡಿದಾಗ ಅದೇ ಬೆಳಕು ಉದ್ದಕ್ಕೆ ಚೆಲ್ಲಿ ತೆಳುವಾಯಿತು. ಉದ್ದ ನೆರಳು ಅಂದರೆ ಓರೆ ಬಿಸಿಲು. ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ ಎಂಬ ಮಾತು ಅವತ್ತು ಅವರಿಗೆ ಬೇಕಾಗಿತ್ತು, ಅದಕ್ಕೇ ಹತ್ತಿತು. ಆ ವರ್ಷದ ಪರೀಕ್ಷೆಯಲ್ಲಿ ಹತ್ತಿರ, ದೂರ ಅಂತ ಬರೆದವರು ಇಬ್ಬರೇ.

ಕೋಲನ್ನು ಜನವರಿಯಲ್ಲಿ ನೆಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನಿಧಾನವಾಗಿ ಆಗುವುದನ್ನು ಮೊದಲು ಶುರು ಮಾಡಿ.

ನಾನು ಎಲ್ಲಿ ಈ ಮಾತು ಹೇಳಿದರೂ ಒಂದು ಉತ್ತರ ತಪ್ಪದೆ ಬರುತ್ತದೆ. "ಮೇಡಂ, ಪೋರ್ಷನ್ ಮುಗಿಯಲ್ಲ." ಕೇಳಿ ಕೇಳಿ ಸಾಕಾಗಿದೆ. ಲೆಕ್ಕ ಹಾಕಿ ನೋಡಿ. ವಾರಕ್ಕೆ 5 ನಿಮಿಷ, 36 ವಾರಕ್ಕೆ 180 ನಿಮಿಷ. 45 ನಿಮಿಷದ ಪಿರಿಯಡ್ ಆದರೆ ಇಡೀ ವರ್ಷಕ್ಕೆ 4 ಪಿರಿಯಡ್. ಅರ್ಥವಾಗದ ಪಾಠವನ್ನು ಪರೀಕ್ಷೆಗೆ ಮುಂಚೆ ಪುನರಾವರ್ತನೆ ಎಂದು ಮತ್ತೆ ಹೇಳಲು ಇದಕ್ಕಿಂತ ಹೆಚ್ಚು ಪಿರಿಯಡ್ ಹೋಗುತ್ತದೆ.

ಹಾಗಾದರೆ ಯೋಜನೆ ಬರೆಯುವುದು ಹೇಗೆ? ಪಠ್ಯಪುಸ್ತಕ ಪೂರ್ತಿ ತಿರುವಿ ಹಾಕಿ. ಪ್ರತಿ ಪಾಠದಲ್ಲೂ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ತಾನಾಗಿ ಆಗಬೇಕಾದದ್ದು ಏನಿದೆ, ಅದಕ್ಕೆ ಎಷ್ಟು ದಿನ ಬೇಕು? ಕಾಳು ಮೊಳೆಯಲು ಕೆಲವು ದಿನ. ಪಟಿಕದ ದ್ರಾವಣದಲ್ಲಿ ದಾರ ಇಳಿಬಿಟ್ಟರೆ ಒಳ್ಳೆಯ ಹರಳು ಕಟ್ಟಲು ವಾರಗಳೇ ಬೇಕು. ಒದ್ದೆ ಮಾಡಿದ ಕಬ್ಬಿಣದ ರಜವನ್ನು ಪ್ರನಾಳದ ಒಳಗೆ ಮೆತ್ತಿ, ನೀರಿನ ತಟ್ಟೆಯಲ್ಲಿ ಬೋರಲು ನಿಲ್ಲಿಸಿ ಬಿಟ್ಟರೆ, ಕೆಲವು ದಿನಗಳಲ್ಲಿ ತುಕ್ಕು ಹಿಡಿಯುತ್ತಾ ನೀರು ಸುಮಾರು ಐದನೆಯ ಒಂದು ಭಾಗ ಮೇಲೇರುತ್ತದೆ. ಗಾಳಿಯಲ್ಲಿ ಆಮ್ಲಜನಕ ಎಷ್ಟಿದೆ ಅನ್ನುವುದನ್ನು ಹೇಳುವ ಮೊದಲೇ ಮಕ್ಕಳು ಕಂಡಿರುತ್ತಾರೆ. ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ಮೊದಲು ಬರೆಯಿರಿ. ಪಾಠಗಳನ್ನು ಆಮೇಲೆ ಅದರ ಸುತ್ತ ಜೋಡಿಸಿ.

ಚಂದ್ರನದು ಇನ್ನೂ ಸುಲಭ. ಹುಣ್ಣಿಮೆಯಾಗಿ ಒಂದು ವಾರಕ್ಕೆ ಬೆಳಗ್ಗೆ ಶಾಲೆಗೆ ಬರುವ ಹೊತ್ತಿಗೆ ಅರ್ಧಚಂದ್ರ ಇನ್ನೂ ಆಕಾಶದಲ್ಲಿರುತ್ತದೆ, ಇನ್ನೊಂದು ಕಡೆ ಸೂರ್ಯನೂ ಇರುತ್ತದೆ. ಎರಡನ್ನೂ ಒಟ್ಟಿಗೆ ಕಂಡ ಮಗು "ಭೂಮಿಯ ನೆರಳು ಬಿದ್ದು ಚಂದ್ರ ಅರ್ಧವಾಗುತ್ತದೆ" ಎಂದು ಮತ್ತೆ ಹೇಳುವುದಿಲ್ಲ. ನಾವಿಲ್ಲೇ ಎರಡರ ನಡುವೆ ನಿಂತಿಲ್ಲವಲ್ಲ, ನಮ್ಮ ನೆರಳು ಅಲ್ಲಿಗೆ ಹೇಗೆ ಹೋದೀತು?

ದೊಡ್ಡವರೂ ಕಾದೇ ಕಂಡರು. 1610ರ ಜನವರಿ 7ರಂದು ಗೆಲಿಲಿಯೊ ಗುರುಗ್ರಹದ ಪಕ್ಕ ಮೂರು ಚುಕ್ಕಿ ನೋಡಿದ. ನಕ್ಷತ್ರ ಇರಬೇಕು ಅಂದುಕೊಂಡ. ಮರುರಾತ್ರಿಗಳಲ್ಲೂ ನೋಡುತ್ತಲೇ ಇದ್ದುದರಿಂದ ಅವು ಜಾಗ ಬದಲಿಸುವುದು ಕಂಡಿತು, 13ರಂದು ನಾಲ್ಕನೆಯದೂ ಸಿಕ್ಕಿತು. ನಾಲ್ಕೂ ಗುರುಗ್ರಹದ ಚಂದ್ರರು. ಅದಕ್ಕೆ ಸ್ವಲ್ಪ ಆಮೇಲೆ ವಾನ್ ಹೆಲ್ಮಾಂಟ್ ಎಂಬಾತ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಗಿಡ ನೆಟ್ಟು 5 ವರ್ಷ ನೀರು ಹಾಕಿದ. ಮರ 169 ಪೌಂಡ್ ಆಯಿತು, ಮಣ್ಣು ಕಳೆದುಕೊಂಡದ್ದು ಬರೀ 2 ಔನ್ಸ್. ಎಲ್ಲ ನೀರಿನಿಂದಲೇ ಬಂತು ಎಂದು ಆತ ತಿಳಿದದ್ದು ತಪ್ಪು, ಗಾಳಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ತಪ್ಪನ್ನು ಮಕ್ಕಳ ಮುಂದಿಡಿ, ದ್ಯುತಿಸಂಶ್ಲೇಷಣೆಯ ಪಾಠ ಅಲ್ಲಿಂದಲೇ ಎದ್ದುಬರುತ್ತದೆ. ಕುಂಡದ ಗಿಡ ಮಾತ್ರ ಮೊದಲೇ ನೆಟ್ಟಿರಬೇಕು.

ಇನ್ನೂ ಎರಡು ಮೂರು ಮಾತು ಬರೆದು ತಂದಿದ್ದೆ, ಕೋಲಿನ ಕತೆಯೇ ಸಮಯ ತಿಂದಿತು. ಬೇಗ ಹೇಳುತ್ತೇನೆ. ಅಳತೆಯ ಪಾಠ ಎಲ್ಲಕ್ಕಿಂತ ಮೊದಲು. ಕಣಗಳ ಪಾಠ ಆಗದೆ ಉಷ್ಣ, ದ್ರಾವಣ, ರಾಸಾಯನಿಕ ಬದಲಾವಣೆಗೆ ಹೋಗಬೇಡಿ. ಸ್ಥಾಯಿ ವಿದ್ಯುತ್ತಿನ ಪಾಠವನ್ನು ಗಾಳಿ ಒಣಗಿರುವ ತಿಂಗಳಿಗೆ ಇಡಿ, ತೇವದ ದಿನಗಳಲ್ಲಿ ಬಲೂನು ಎಷ್ಟು ಉಜ್ಜಿದರೂ ಕಾಗದದ ಚೂರು ಏಳುವುದಿಲ್ಲ, ಮಕ್ಕಳಿಗೆ ನಿಮ್ಮ ಮೇಲೆ ನಂಬಿಕೆ ಹೋಗುತ್ತದೆ. ಐದಾರು ವಾರಕ್ಕೊಂದು ವಾರ ಖಾಲಿ ಬಿಡಿ. ಅದು ತಾನಾಗಿ ತುಂಬುತ್ತದೆ.

ಈಗ ಪೆನ್ನು ಎತ್ತಿಕೊಳ್ಳಿ. ಮೊದಲ ವಾರದ ಚೌಕದಲ್ಲಿ ಪಾಠದ ಹೆಸರು ಬರೆಯಬೇಡಿ, ಕೋಲು, ಕುಂಡ, ಚಂದ್ರ ಎಂದು ಬರೆಯಿರಿ. ಕೋಲು ನೆಟ್ಟ ದಿನ ನೆಲದಿಂದ ಅದರ ಎತ್ತರ ಎಷ್ಟು ಅನ್ನುವುದನ್ನು ಮಕ್ಕಳ ಕೈಯಲ್ಲಿ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಬರೆಸಿ, ದಿನಾಂಕ ಹಾಕಿಸಿ.

ನಮಸ್ಕಾರ.